ಹುರುಳಿ ಕಟ್ಟಿನ ಸಾರು

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಹೇಮಾವತಿಯ ನೊಳಂಬರ ಬಗೆಗೋ ರಾಯದುರ್ಗದ ಕೋಟೆಯ ಬಗೆಗೋ ಬರೆಯುವೆನೆಂದು ಅವರು ಭಾವಿಸಿರಬೇಕು. ನಾನೂ ಹಾಗೆಯೇ ಭಾವಿಸಿ ಹಳೆಯ ಟಿಪ್ಪಣಿಗಳನ್ನು ಕೆಳಗಿಳಿಸಿಕೊಂಡಿದ್ದೆ. ಆದರೆ ಬರೆಯಲು ಕುಳಿತ ದಿನ ಮನಸ್ಸು ಅಡಿಗೆಯ ಮನೆಯ ಕಡೆಗೇ ಎಳೆಯಿತು. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಸಾರಿನ ವಿಷಯ ಬರೆದರೆ ಸಹೃದಯ ಬಂಧುಗಳು ನಕ್ಕಾರು; ನಗಲಿ. ನಕ್ಕ ಮೇಲೆ ಓದಿದರೆ ಸಾಕು.

ಇದಕ್ಕೆ ಕಾರಣಳಾದವಳು ನನ್ನ ಮೊಮ್ಮಗಳು. ಅನಂತಪುರದಲ್ಲಿ ಇಂಗ್ಲಿಷ್ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಗೆಯ ರಜೆಗೆ ರಾಯದುರ್ಗಕ್ಕೆ ಬಂದವಳು ಒಂದು ಮಧ್ಯಾಹ್ನ, "ತಾತಾ, ಚೀನಾ ದೇಶದಲ್ಲಿ ಹಕ್ಕಿಗೂಡಿನಿಂದ ಸೂಪ್ ಮಾಡ್ತಾರಂತೆ. ನಾವೂ ಮನೇಲಿ ಮಾಡೋಣವಾ?" ಎಂದಳು. ನಮ್ಮ ಊರಿನ ಗುಬ್ಬಚ್ಚಿಯ ಗೂಡಿನಲ್ಲಿ ಹುಲ್ಲು, ನಾರು, ಹಳೆಯ ಹತ್ತಿ ಬಿಟ್ಟರೆ ಬೇರೇನಿರುತ್ತದೆ! ಹಿಂದೆ ವಿಜ್ಞಾನವನ್ನೂ ಬೋಧಿಸಿದವನಾದ್ದರಿಂದ ನಾನು ಅವಳಿಗೆ ವಿವರಿಸಿದೆ. ಆ ಗೂಡು ಹುಲ್ಲಿನದಲ್ಲ. ಗುಹೆಗಳಲ್ಲಿ ವಾಸಿಸುವ ಒಂದು ಜಾತಿಯ ಪುಟ್ಟ ಬಾನಾಡಿ ತನ್ನ ಜೊಲ್ಲನ್ನೇ ಎಳೆಎಳೆಯಾಗಿ ನೇಯ್ದು, ಅದು ಗಟ್ಟಿಯಾಗಿ ಗೂಡಾಗುತ್ತದೆ. ಚೀನೀಯರು ಅದನ್ನು ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿ, ಅಂಟಿಕೊಂಡ ಸಣ್ಣ ಗರಿಗಳನ್ನು ಚಿಮುಟದಿಂದ ಒಂದೊಂದಾಗಿ ಆರಿಸಿ ತೆಗೆದು, ಕಲ್ಲುಸಕ್ಕರೆ ಹಾಕಿ, ಮುಚ್ಚಿದ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಬಾಣಂತಿಯರಿಗೆ, ವೃದ್ಧರಿಗೆ, ಗೌರವದ ಅತಿಥಿಗಳಿಗೆ ಅದನ್ನು ಕೊಡುವ ವಾಡಿಕೆಯಿದೆ. ಬಹು ದುಬಾರಿಯ ಪದಾರ್ಥ.

ಹೇಳುತ್ತ ಹೇಳುತ್ತ ನನಗೇ ಒಂದು ವಿಷಯ ಹೊಳೆಯಿತು. ನೆನೆಸುವುದು, ಆರಿಸುವುದು, ಸಣ್ಣ ಉರಿಯಲ್ಲಿ ಕಾಯುವುದು, ಬಾಣಂತಿಗೂ ವೃದ್ಧರಿಗೂ ಬಡಿಸುವುದು: ಇವೆಲ್ಲವನ್ನೂ ನಾನು ಬಾಲ್ಯದಲ್ಲಿಯೇ ಕಂಡಿದ್ದೆ. ನಮ್ಮ ಮನೆಯ ಒಲೆಯ ಮೇಲೆ ಬೇಯುತ್ತಿದ್ದುದು ಹಕ್ಕಿಯ ಗೂಡಲ್ಲ, ಹುರುಳಿ. "ಅದು ನಮಗೆ ಸಿಗುವುದಿಲ್ಲ ಮಗಳೇ, ನಿನ್ನ ಅಜ್ಜಿಯ ಹುರುಳಿ ಕಟ್ಟಿನ ಸಾರು ಮಾಡೋಣ" ಎಂದೆ. ಅವಳ ಮುಖ ಸಪ್ಪಗಾಯಿತು. "ಅಜ್ಜಿ ಇಲ್ವಲ್ಲ ತಾತಾ, ನಿಮಗೆ ಬರುತ್ತಾ?" ಎಂದಳು.

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹುಟ್ಟಿದ್ದು ಮಡಕಶಿರಾ ತಾಲ್ಲೂಕಿನ ಅಗಳಿಯ ಕಡೆಯ ಒಂದು ಹಳ್ಳಿಯಲ್ಲಿ. ಭೂಪಟವನ್ನು ನೋಡಿದವರಿಗೆ ಗೊತ್ತು, ನಮ್ಮ ತಾಲ್ಲೂಕು ತುಮಕೂರು ಜಿಲ್ಲೆಯೊಳಕ್ಕೆ ನಾಲಿಗೆ ಚಾಚಿದಂತೆ ಇದೆ. ಒಂದು ಕಡೆ ಶಿರಾ, ಒಂದು ಕಡೆ ಮಧುಗಿರಿ, ಇನ್ನೊಂದು ಕಡೆ ಪಾವಗಡ. ಮಳೆ ನಂಬುವಂತಿಲ್ಲದ ಸೀಮೆ. ಮುಂಗಾರು ಕೈಕೊಟ್ಟು ಕಡಲೆಕಾಯಿ ಬಿತ್ತುವ ಹದ ತಪ್ಪಿಹೋದಾಗ ರೈತ ಕೊನೆಗೆ ಕೈ ಚಾಚುವುದು ಹುರುಳಿಯ ಕಡೆಗೆ. ತಡವಾಗಿ ಬಿತ್ತಿದರೂ, ಎರಡೇ ಹದ ಮಳೆ ಬಿದ್ದರೂ, ಕಲ್ಲು ನೆಲದಲ್ಲಿಯೂ ಅದು ಮುನಿಸಿಕೊಳ್ಳದೆ ಬೆಳೆಯುತ್ತದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಪುರಾತತ್ತ್ವಜ್ಞರು ಅಗೆದಾಗ ನವಶಿಲಾಯುಗದ ಜನರ ಬೂದಿಯಲ್ಲಿ ಸುಟ್ಟ ಹುರುಳಿ ಕಾಳುಗಳು ದೊರೆತಿವೆ. ಅಂದರೆ ಸುಮಾರು ನಾಲ್ಕು ಸಾವಿರ ವರ್ಷಗಳಿಂದ ಈ ಸೀಮೆಯ ಜನರು ಈ ಕಾಳನ್ನು ಬೇಯಿಸುತ್ತಿದ್ದಾರೆ. ರಾಜ್ಯಗಳು, ಭಾಷೆಗಳ ಗಡಿಗಳು, ಜಿಲ್ಲೆಗಳು ಎಲ್ಲವೂ ಅದರ ಮುಂದೆ ನಿನ್ನೆ ಮೊನ್ನೆಯವು.

ನಮ್ಮ ಮನೆಯಲ್ಲಿ ಹುರುಳಿ ಬೇಯುತ್ತಿದ್ದುದು ಮೊದಲು ಎತ್ತುಗಳಿಗಾಗಿ. ದೊಡ್ಡ ಮಡಕೆಯಲ್ಲಿ ಬೇಯಿಸಿ, ಬಸಿದ ಕಟ್ಟನ್ನು ಅವ್ವ ಸಾರಿಗೆ ತೆಗೆದುಕೊಂಡು, ಕಾಳನ್ನು ಉಳುವ ಎತ್ತುಗಳಿಗೆ ಇಡುತ್ತಿದ್ದಳು. ಎತ್ತು ಕಾಳು ತಿಂದು ಉತ್ತಿತು, ನಾವು ಕಟ್ಟು ಕುಡಿದು ಓದಿದೆವು. ಈ ಕಾಳಿನ ನೂರು ಗ್ರಾಂನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅವ್ವ ಮಸಾಲೆಗೆ ಕಾಯಿ ಹಾಕುತ್ತಿದ್ದಳು. ನಮ್ಮ ರೊಳ್ಳ, ಅಗಳಿ, ಅಮರಾಪುರದ ಕಡೆ ತೆಂಗಿನ ತೋಟಗಳಿದ್ದುವು. ರಾಗಿಮುದ್ದೆಯನ್ನು ಆ ಸಾರಿನಲ್ಲಿ ಅದ್ದಿ ನುಂಗಿದರೆ ಮಧ್ಯಾಹ್ನದವರೆಗೆ ಹಸಿವಿನ ಸುದ್ದಿಯಿಲ್ಲ.

ನೌಕರಿ ನನ್ನನ್ನು ರಾಯದುರ್ಗಕ್ಕೆ ಕರೆತಂದಿತು. ಕನ್ನಡ ಮಾಧ್ಯಮದ ಶಾಲೆಗಳಿದ್ದ ಆ ಹಳ್ಳಿಗಳಲ್ಲಿಯೇ ನನ್ನ ವೃತ್ತಿಜೀವನ ಕಳೆಯಿತು. ವಿವಾಹವೂ ಅಲ್ಲಿಯ ಹೆಣ್ಣಿನೊಡನೆಯೇ ಆಯಿತು. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಆಲೂರು, ಆದವಾನಿಗಳೊಂದಿಗೆ ಅದು ಆಂಧ್ರಕ್ಕೆ ಸೇರಿತು, ಬಳ್ಳಾರಿ ಮೈಸೂರಿಗೆ ಹೋಯಿತು. "ರಾತ್ರಿ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿದ್ದೆವು, ಬೆಳಿಗ್ಗೆ ಅನಂತಪುರ ಜಿಲ್ಲೆಯಲ್ಲಿ ಎದ್ದೆವು" ಎಂದು ನಮ್ಮ ಮಾವನವರು ಹೇಳಿ ನಗುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರಿಂದ ನನ್ನ ತವರು ತಾಲ್ಲೂಕೂ ಪತ್ನಿಯ ತವರು ತಾಲ್ಲೂಕೂ ಈಗ ಬೇರೆ ಬೇರೆ ಜಿಲ್ಲೆಗಳಾಗಿವೆ.

ಮದುವೆಯಾದ ಹೊಸದರಲ್ಲಿ ನಮ್ಮ ಮನೆಯ ಮೊದಲ ಭಿನ್ನಾಭಿಪ್ರಾಯ ಈ ಸಾರಿನದೇ. ಆಕೆ ಮಸಾಲೆಗೆ ಕಾಯಿಯ ಬದಲು ಹುರಿದ ಶೇಂಗಾ ಅರೆದು ಹಾಕಿದಳು. ನಮ್ಮೂರಿನಲ್ಲಿ ಅದನ್ನು ಶೇಂಗಾ ಎಂದೂ ಅನ್ನುವುದಿಲ್ಲ, ಕಡಲೆಕಾಯಿ ಬೀಜ. "ನಿಮ್ಮ ಮಡಕಶಿರದಲ್ಲಿ ತೆಂಗಿನ ಮರ ಇದ್ದುವು, ಹಾಕಿದಿರಿ. ನಮ್ಮ ಹಗರಿ ದಂಡೆಯಲ್ಲಿ ಏನಿತ್ತು ಹೇಳಿ?" ಎಂದಳು. ಹಗರಿ ಎಂದರೆ ನಮ್ಮ ವೇದಾವತಿ ನದಿ. ವರ್ಷದ ಬಹುಭಾಗ ಮರಳೇ ಮರಳು. ಆಕೆಯ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕ್ರಮೇಣ ಸ್ವಲ್ಪ ಕೊಬ್ಬರಿ, ಸ್ವಲ್ಪ ಶೇಂಗಾ ಎಂದು ಎರಡು ತಾಲ್ಲೂಕುಗಳೂ ನಮ್ಮ ಒರಳಿನಲ್ಲಿ ರಾಜಿಯಾದುವು.

ನಾನು ಆ ಸಾರನ್ನು ಉಂಡೆ, "ಇಂದು ಉಪ್ಪು ತುಸು ಕಡಿಮೆ" ಎಂದೆ, ಎದ್ದು ಹೋದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ಪುಸ್ತಕ ತಿದ್ದಿದವನು ನಾನು. ಬರೆದಿಟ್ಟದ್ದು ಉಳಿಯುತ್ತದೆ, ಬರೆಯದ್ದು ಅಳಿಯುತ್ತದೆ ಎಂದು ಪ್ರತಿ ವರ್ಷ ಹೊಸ ತರಗತಿಗೆ ಹೇಳಿದವನು. ಒಮ್ಮೆ ಆಕೆಯೇ, "ನಾನು ಹೇಳ್ತಾ ಹೋಗ್ತೀನಿ, ನೀವು ಬರೆದಿಡಿ; ಮಕ್ಕಳಿಗೆ ಆದೀತು" ಎಂದಿದ್ದಳು. "ಅಡಿಗೆಯನ್ನೂ ಬರೆಯುತ್ತಾರೆಯೇ?" ಎಂದು ನಾನು ಪತ್ರಿಕೆಯ ಪುಟ ಮಗುಚಿದೆ. ಆಕೆ ಮತ್ತೆ ಕೇಳಲಿಲ್ಲ. ಮೂರು ವರ್ಷಗಳ ಹಿಂದೆ ಆಕೆ ಹೋದಳು. ಆ ಮಾತು ಮಾತ್ರ ಹೋಗಲಿಲ್ಲ.

ಆಕೆ ಹೋದ ವರ್ಷವೇ ನಾನು ಒಮ್ಮೆ ಸಾರು ಮಾಡಲು ಯತ್ನಿಸಿದ್ದೆ. ಹುರುಳಿ ನೆನೆಸಿದೆ, ಕುಕ್ಕರಿನಲ್ಲಿಟ್ಟೆ, ಹತ್ತು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ಕಾಳು ಕಾಳಾಗಿಯೇ ಇದೆ, ಕಟ್ಟು ತೆಳುವಾದ ಬಣ್ಣದ ನೀರು. ಬಾಯಿಗೆ ಹಾಕಿದರೆ ಕಲ್ಲು ಬೇರೆ. ಪಕ್ಕದ ಮನೆಯ ತೆಲುಗು ತಾಯಿಯೊಬ್ಬರು ನನ್ನ ಪಾಡು ನೋಡಿ, "ಬೋರು ನೀಳ್ಳಲೋ ಉಲವಲು ಉಡಕವು ಸಾರ್" ಎಂದರು. ಕೊಳವೆಬಾವಿಯ ಗಡಸು ನೀರಿನಲ್ಲಿ ಹುರುಳಿ ಬೇಯುವುದಿಲ್ಲ! ಗಡಸು ನೀರಿನಲ್ಲಿ ಬೇಳೆ ಬೇಗ ಬೇಯದು ಎಂದು ಏಳನೆಯ ತರಗತಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದವನೇ ನಾನು. ನನ್ನ ಪತ್ನಿ ಸಾರಿಗೆಂದೇ ಒಂದು ಕೊಡ ಸಿಹಿನೀರನ್ನು ಬೇರೆಯಾಗಿ ಇಡುತ್ತಿದ್ದುದನ್ನು ಅಷ್ಟು ವರ್ಷ ನೋಡಿಯೂ ಏಕೆಂದು ಕೇಳಿರಲಿಲ್ಲ.

ಆ ತಾಯಿ ಕೃಷ್ಣಾ ಜಿಲ್ಲೆಯ ಕಡೆಯವರು. ಅಲ್ಲಿ ಇದೇ ಹುರುಳಿ ಕಟ್ಟನ್ನು ಗಂಟೆಗಟ್ಟಲೆ ಕುದಿಸಿ ಗಟ್ಟಿಮಾಡಿ 'ಉಲವಚಾರು' ಎನ್ನುತ್ತಾರೆ. ಮದುವೆಯ ಊಟಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಹಾಲಿನ ಕೆನೆಯೊಂದಿಗೆ ಬಡಿಸುವ ವಿಶೇಷ ಭಕ್ಷ್ಯ ಅದು. ನಮ್ಮ ಕಡೆ ಹುರುಳಿ ಸಾರು ಎಂದರೆ ಬಡವರ ಸಾರು, ನೆಂಟರು ಬಂದರೆ ಒಳಗೆ ಮುಚ್ಚಿಡುವ ಸಾರು. ಚೀನೀಯರ ಗೂಡಿಗೂ, ಕೃಷ್ಣಾ ತೀರದವರ ಉಲವಚಾರಿಗೂ ಇರುವ ಮರ್ಯಾದೆಯನ್ನು ನಮ್ಮ ಸಾರಿಗೆ ನಾವೇ ಕೊಡಲಿಲ್ಲ. ನಮ್ಮ ಭಾಷೆಯ ವಿಷಯದಲ್ಲಿಯೂ ಇದೇ ಕಥೆಯೇನೋ ಎಂದು ನನಗೆ ಆಗಾಗ ಅನಿಸಿದ್ದುಂಟು.

ಈಗ ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. "ಪೂರ್ತಿ ಬರುವುದಿಲ್ಲ, ಇಬ್ಬರೂ ಸೇರಿ ಕಲಿಯೋಣ" ಎಂದೆ. ನನ್ನ ನೆನಪು, ಮಗಳು ಫೋನಿನಲ್ಲಿ ಹೇಳಿದ್ದು, ಪಕ್ಕದ ಮನೆಯ ತಾಯಿಯ ಎಚ್ಚರಿಕೆ ಇವೆಲ್ಲವನ್ನೂ ಕೂಡಿಸಿಕೊಂಡೆವು. ಒಂದು ಪಾವು ಹುರುಳಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿದೆವು. ಹುರುಳಿಯ ಬಣ್ಣವೇ ಕಲ್ಲಿನ ಬಣ್ಣ. ನನ್ನ ಕನ್ನಡಕಕ್ಕೆ ಕಾಣದ್ದು ಅವಳ ಕಣ್ಣಿಗೆ ಕಂಡಿತು. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಎಂಟು ಲೋಟ ಸಿಹಿನೀರು ಹಾಕಿ, ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಬೇಯಿಸಿದೆವು. ಕಾಳು ಬೆರಳಿಗೆ ಹಿಸುಕಿದರೆ ಬೆಣ್ಣೆಯಂತಾಗಬೇಕು, ಅಲ್ಲಿಯವರೆಗೆ ಉಪ್ಪು ಮುಟ್ಟಬಾರದು. ಬಸಿದಾಗ ಇಟ್ಟಿಗೆಯ ಬಣ್ಣದ ಕಟ್ಟು ಇಳಿಯಿತು. ಎರಡು ಹಿಡಿ ಬೆಂದ ಕಾಳು, ಕೆಂಡದ ಬದಲು ಗ್ಯಾಸಿನ ಉರಿಯಲ್ಲಿ ಸುಟ್ಟ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಹುರಿದ ಆರು ಒಣಮೆಣಸಿನಕಾಯಿ, ಎರಡು ಚಮಚ ಧನಿಯ, ಒಂದು ಚಮಚ ಜೀರಿಗೆ, ಹತ್ತು ಕಾಳು ಮೆಣಸು, ಒಂದು ಹಿಡಿ ಶೇಂಗಾ, ಅಷ್ಟೇ ಕೊಬ್ಬರಿ ಇವನ್ನು ಅರೆದು ಕಟ್ಟಿಗೆ ಕಲಸಿ, ಸಣ್ಣ ನಿಂಬೆಯ ಗಾತ್ರದ ಹುಣಸೆಹಣ್ಣು ಕಿವುಚಿ ಹಾಕಿ, ಉಪ್ಪು ಬೆರೆಸಿ ಕುದಿಸಿದೆವು. ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಒಗ್ಗರಣೆ ಚುರ್ ಎಂದಾಗ ಮನೆಯಲ್ಲಿ ಹರಡಿದ ಪರಿಮಳಕ್ಕೆ ನಾನು ಸ್ವಲ್ಪ ಹೊತ್ತು ಹೊರಗಿನ ಜಗುಲಿಯ ಮೇಲೆ ಹೋಗಿ ಕುಳಿತುಕೊಳ್ಳಬೇಕಾಯಿತು.

ಉಂಡಾದ ಮೇಲೆ, "ಈ ಸಲ ಬರೆದಿಡು ಮಗಳೇ" ಎಂದೆ. ನಾನು ಹೇಳಿದೆ, ಅವಳು ಬರೆದಳು. ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರೆ ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತೆಲುಗು! ಕೇರು, ಬಸಿ, ಕಿವುಚು, ಹದ ಎಂಬ ಅಜ್ಜಿಯ ಮಾತುಗಳೆಲ್ಲ ತೆಲುಗಿನ ಅಂಗಿ ತೊಟ್ಟು ಕುಳಿತಿದ್ದುವು. ಮನೆಯಲ್ಲಿ ಕನ್ನಡ ಆಡುವ ಹುಡುಗಿ. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್ ಮತ್ತು ತೆಲುಗು. ತಪ್ಪು ಅವಳದಲ್ಲ. ಸಾವಿರಾರು ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ ನಾನು ನನ್ನ ಮನೆಯ ಮಗುವಿಗೆ ಒಂದು ಅಕ್ಷರವನ್ನೂ ಹೇಳಿಕೊಟ್ಟಿರಲಿಲ್ಲ. ಪತ್ನಿ ಬರೆಯಿರಿ ಎಂದಾಗ ಪತ್ರಿಕೆಯ ಪುಟ ಮಗುಚಿದವನು ಇಲ್ಲಿಯೂ ಹಾಗೆಯೇ ಮಾಡಿದ್ದೆ.

ಮರುದಿನದಿಂದ ಆ ಹಾಳೆಯೇ ನಮ್ಮ ಪಾಠವಾಯಿತು. ಒಂದೇ ಲಿಪಿಯಿಂದ ಕವಲೊಡೆದ ಎರಡು ಲಿಪಿಗಳಲ್ಲವೇ? 'ನೀರು', 'ಉಪ್ಪು' ಎರಡು ಭಾಷೆಗಳಲ್ಲಿಯೂ ಒಂದೇ ಮಾತು, ಬರೆಹದಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲ. 'ಸಾರು' ಎಂಬ ಪದದಲ್ಲಿ ತಿದ್ದಬೇಕಾದದ್ದು ತಲೆಕಟ್ಟಿನ ಆಕಾರ ಮಾತ್ರ. "ಕಟ್ಟು ಸರಿಯಾದರೆ ಸಾರು ಸರಿಯಾಗುತ್ತೆ ತಾತಾ" ಎಂದು ನಕ್ಕಳು. ಕ, ತ, ಶ ಅವಳನ್ನು ಕಾಡಿದುವು. ರಜೆ ಮುಗಿಯುವುದರೊಳಗೆ ಅವಳು ಪೂರ್ತಿ ಹಾಳೆಯನ್ನು ಕನ್ನಡದಲ್ಲಿ ಬರೆದು ಅಡಿಗೆಯ ಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿ ಹೋದಳು.

ಅವಳು ಹೊರಟ ಮೇಲೆ ನೋಡಿದೆ. ಶೀರ್ಷಿಕೆಯಲ್ಲಿ 'ಹುರುಳಿ ಸಾರು' ಎನ್ನಲು 'ಹುರುಳು ಸಾರು' ಎಂದು ಬರೆದಿದ್ದಳು. ಅಭ್ಯಾಸಬಲದಿಂದ ಕೈ ಕೆಂಪು ಪೆನ್ನಿನ ಕಡೆಗೆ ಹೋಯಿತು. ತಿದ್ದದೆ ಬಿಟ್ಟೆ.

ಸಮ್ಮೇಳನಕ್ಕೆ ಬರುವ ಬಂಧುಗಳು ರಾಯದುರ್ಗದಲ್ಲಿ ನಮ್ಮ ಮನೆಗೂ ಬರಬೇಕೆಂದು ವಿನಂತಿ. ಹಿಂದಿನ ದಿನ ತಿಳಿಸಿದರೆ ಹುರುಳಿ ನೆನೆಹಾಕುತ್ತೇನೆ. ಮನೆಯಲ್ಲಿ ಕನ್ನಡ ಓದಲು ಬಾರದ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ಕಪಾಟಿನ ಬಾಗಿಲು ತೆರೆದೇ ಇರುತ್ತದೆ.