ಊರಿಗೊಂದೇ ಒಲೆ

ಡಿಸೆಂಬರ್ ತಿಂಗಳಲ್ಲಿ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿಗೆ ಹೋದ ನಮ್ಮ ನಾಡಿನ ಪ್ರವಾಸಿಗೆ ಚಳಿಯ ವಿಚಾರವನ್ನು ಯಾರೂ ಹೇಳಬೇಕಾಗಿಲ್ಲ. ಸಂಜೆ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಡಲ ಗಾಳಿ ಮೂಳೆಯನ್ನು ಹೊಗುತ್ತದೆ. ಆದರೆ ಸಾಲುಮನೆಗಳ ಹೆಂಚಿನ ಮಾಡುಗಳತ್ತ ತಲೆಯೆತ್ತಿ ನೋಡಿದರೆ, ಹಳೆಯ ಹೊಗೆಗೂಡುಗಳಲ್ಲಿ ಹೊಗೆ ಕಾಣುವುದು ಅಪರೂಪ. ಒಳಗೆ ಕಾಲಿಟ್ಟರೆ ಕೋಣೆ ಫಾಲ್ಗುಣದ ಮುಂಜಾವಿನಂತೆ ಹಿತವಾಗಿರುತ್ತದೆ. ಹಾಗಾದರೆ ಒಲೆ ಎಲ್ಲಿ?

ನಾನು ಇಳಿದುಕೊಂಡಿದ್ದ ಮನೆಯ ಯಜಮಾನರು ನನ್ನನ್ನು ನೆಲಮಾಳಿಗೆಗೆ ಕರೆದೊಯ್ದು ತೋರಿಸಿದರು. ಅಲ್ಲಿದ್ದುದು ಬೀದಿಯಡಿಯಿಂದ ಬಂದ ಎರಡು ದಪ್ಪ ಕೊಳವೆಗಳು, ಒಂದು ಲೋಹದ ಪೆಟ್ಟಿಗೆ, ಒಂದು ಮೀಟರು, ಇಷ್ಟೆ. ಒಂದು ಕೊಳವೆಯಲ್ಲಿ ಬಿಸಿನೀರು ಬರುತ್ತದೆ. ತನ್ನ ಶಾಖವನ್ನು ಮನೆಯ ನೀರಿಗೆ ಒಪ್ಪಿಸಿ, ತಣಿದು, ಇನ್ನೊಂದರಲ್ಲಿ ಮರಳುತ್ತದೆ. ನೀರನ್ನು ಸಾಕಷ್ಟು ತಣಿಸದೆ ಹಿಂದಕ್ಕೆ ಕಳುಹಿಸಿದವರು ಹೆಚ್ಚು ಹಣ ತೆರಬೇಕು! ನಗರದ ನೂರಕ್ಕೆ ಸುಮಾರು 98ರಷ್ಟು ಮನೆ, ಕಟ್ಟಡಗಳು ಬೆಚ್ಚಗಾಗುವುದು ಹೀಗೆಯೇ.

ಆ ನೀರು ಕಾಯುವ ಬಗೆ ನಮ್ಮ ಅಜ್ಜಿಯರಿಗೆ ಸುಲಭವಾಗಿ ಅರ್ಥವಾಗುತ್ತಿತ್ತು. ಮುಂದಿನ ಒಲೆಯಲ್ಲಿ ಅನ್ನ ಬೇಯುತ್ತಿರುವಾಗ ಅದೇ ಉರಿಯ ಉಳಿಕೆಯಿಂದ ಹಿಂದಿನ ಕೊಡಿಯೊಲೆಯ ಮೇಲೆ ನೀರು ಕಾಯುತ್ತಿತ್ತಲ್ಲವೆ? ವಿದ್ಯುದಾಗಾರದ ಕತೆಯೂ ಅದೇ. ಇಂಧನವನ್ನು ಉರಿಸಿ, ಉಗಿಯೆಬ್ಬಿಸಿ, ಅದರಿಂದ ಚಕ್ರ ತಿರುಗಿಸಿದರೆ ಇಂಧನದ ಶಕ್ತಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದರ ಬಹುಭಾಗ ಕಡಲಿಗೋ ಗಾಳಿಗೋ ಹೋಗುತ್ತದೆ. ಉಗಿಯನ್ನು ಇನ್ನೂ ಬಿಸಿಯಿರುವಾಗಲೇ ಹೊರತೆಗೆದು ಊರಿನ ನೀರನ್ನು ಕಾಯಿಸಿದರೆ, ವಿದ್ಯುತ್ತು ತುಸು ಕಡಿಮೆಯಾದರೂ, ಒಟ್ಟಿನಲ್ಲಿ 90ರಷ್ಟು ಪಾಲು ಉಪಯೋಗಕ್ಕೆ ಬರುತ್ತದೆ.

ಇದರ ಮೊದಲ ಹೆಜ್ಜೆ ಇಟ್ಟದ್ದು ನೆರೆಯ ಫ್ರೆಡರಿಕ್ಸ್‌ಬರ್ಗ್. ಕಸ ಸುರಿಯಲು ನೆಲ ಸಾಲದಾದಾಗ ಅಲ್ಲಿನ ಪುರಸಭೆ 1903ರಲ್ಲಿ ಕಸ ಸುಡುವ ಸ್ಥಾವರವನ್ನು ಕಟ್ಟಿ, ಅದರ ಶಾಖವನ್ನು ಆಸ್ಪತ್ರೆಗೆ ಹರಿಸಿತು. ಆದರೆ ಇಡೀ ನಾಡು ಎಚ್ಚೆತ್ತದ್ದು 1973ರ ತೈಲದ ಬಿಕ್ಕಟ್ಟಿನಲ್ಲಿ. ಆಗ ಡೆನ್ಮಾರ್ಕಿನ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಆಮದಾದ ಎಣ್ಣೆಯದು. ಆ ಚಳಿಗಾಲದ ಭಾನುವಾರಗಳಂದು ಕಾರು ಓಡಿಸುವುದನ್ನೇ ಸರಕಾರ ನಿಷೇಧಿಸಿತು. 1979ರಲ್ಲಿ ಬಂದ ಶಾಖ ಸರಬರಾಜು ಕಾನೂನು, ಕಟ್ಟಡಗಳು ಸಾರ್ವಜನಿಕ ಜಾಲವನ್ನು ಸೇರಲೇಬೇಕೆಂದು ವಿಧಿಸುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟಿತು. ಸ್ವಂತ ಒಲೆಯ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು ಜನ ಊರೊಟ್ಟಿನ ಬೆಚ್ಚನೆಯನ್ನು ಪಡೆದರು.

ತಂಪಿಗೂ ಈಗ ಇದೇ ಉಪಾಯ. 2010ರಿಂದ ಬಂದರಿನ ಕಡಲನೀರಿನ ತಣಿವನ್ನು ಬಳಸಿ, ಬೇರೊಂದು ಕೊಳವೆಜಾಲದ ಮೂಲಕ ನಗರದ ನಡುವಿನ ಅಂಗಡಿ, ಹೋಟೆಲು, ಕಚೇರಿಗಳನ್ನು ತಂಪಾಗಿಸುತ್ತಿದ್ದಾರೆ.

ಅಮಾಗರ್ ದ್ವೀಪದಲ್ಲಿ 2017ರಲ್ಲಿ ಕೆಲಸ ಆರಂಭಿಸಿದ ಕಸದ ಸ್ಥಾವರವಂತೂ ನೋಡತಕ್ಕದ್ದು. ಅದರ ಇಳಿಜಾರಿನ ಛಾವಣಿಯ ಮೇಲೆ 2019ರಿಂದ ಹಿಮಜಾರಾಟದ ಹಾದಿಯಿದೆ. ಕೆಳಗೆ ಊರಿನ ಕಸ ಉರಿಯುತ್ತದೆ, ಮೇಲೆ ಮಕ್ಕಳು ನಗುತ್ತಾ ಜಾರುತ್ತಾರೆ. ಆದರೆ ಆ ಉರಿಗೂ ತೆರಬೇಕಾದ ಬೆಲೆಯೊಂದಿದೆ. ಕಸದೊಳಗಿನ ಪ್ಲಾಸ್ಟಿಕ್ ಸುಟ್ಟರೆ ಅಂಗಾರಾಮ್ಲವು ಗಾಳಿ ಸೇರುತ್ತದೆ. ಕಲ್ಲಿದ್ದಲಿನ ಬದಲಿಗೆ ಬಂದ ಮರದ ಇಂಧನವನ್ನು ಹಡಗುಗಳಲ್ಲಿ ಪರದೇಶಗಳಿಂದ ತರಿಸಬೇಕಾಗಿದೆ. 2025ರೊಳಗೆ ಅಂಗಾರದ ಲೆಕ್ಕವನ್ನು ಸೊನ್ನೆಗಿಳಿಸುವೆನೆಂದು ಹೊರಟಿದ್ದ ಕೋಪನ್‌ಹೇಗನ್, ಆ ಗುರಿ ಕೈಗೂಡದೆಂದು 2022ರಲ್ಲಿ ತಾನೇ ಪ್ರಕಟಿಸಿತು.

ಹಾಗೆಂದು ನೆಲದಡಿಯ ಕೊಳವೆಗಳ ಶ್ರಮ ವ್ಯರ್ಥವಾಗಲಿಲ್ಲ. ನೀರನ್ನು ಕಾಯಿಸಿದ್ದು ಕಲ್ಲಿದ್ದಲೋ ಕಸವೋ ಗಾಳಿಯಂತ್ರದ ವಿದ್ಯುತ್ತೋ ಎಂದು ಕೊಳವೆ ಕೇಳುವುದಿಲ್ಲ. ಮನೆಗೊಂದು ಒಲೆಯಿದ್ದಿದ್ದರೆ ಇಂಧನ ಬದಲಿಸಲು ಲಕ್ಷ ಮನೆಗಳ ಬಾಗಿಲು ತಟ್ಟಬೇಕಾಗಿತ್ತು. ಊರಿಗೊಂದೇ ಒಲೆಯಾದುದರಿಂದ ಕೆಲವೇ ಸ್ಥಾವರಗಳನ್ನು ಬದಲಿಸಿದರೆ ಸಾಕು. ಮುಂದಿನ ಉರಿ ಯಾವುದೆಂಬುದನ್ನು ಆ ಊರಿನವರು ಇನ್ನೂ ಚರ್ಚಿಸುತ್ತಿದ್ದಾರೆ, ಬೆಚ್ಚನೆಯ ಕೋಣೆಗಳಲ್ಲಿ ಕುಳಿತು.