ತಂತಿಗೆ ಪೋಣಿಸಿದ ಚೀಟಿಗಳು

ಬೇಲೂರು ತಾಲ್ಲೂಕಿನ ನಮ್ಮ ಬಿಕ್ಕೋಡು ಕಾಫಿ ತೋಟಗಳ ನಡುವಣ ಊರು. ಅಲ್ಲಿ ನನ್ನ ಸೋದರಮಾವನವರದೊಂದು ದಿನಸಿ ಅಂಗಡಿಯಿದೆ. ತೋಟದ ಆಳುಗಳು ವಾರದ ಸಾಮಾನನ್ನು ಉದ್ದರಿ ಒಯ್ದು, ಬಟವಾಡೆಯಾದ ಮೇಲೆ ತೀರಿಸುತ್ತಾರೆ. ಹಣ ಸಂದ ಚೀಟಿಗಳನ್ನು ಮಾವ ತಂತಿಗೆ ಪೋಣಿಸಿ ತೂಗುಹಾಕುತ್ತಾರೆ.

ಕಳೆದ ದೀಪಾವಳಿಯ ರಜೆಯಲ್ಲಿ ಆ ತಂತಿಯ ಮೇಲೆ ನನ್ನ ವಿದ್ಯೆಯ ದೃಷ್ಟಿ ಬಿದ್ದಿತು! ಜನರು ಯಾವ ಯಾವ ಪದಾರ್ಥಗಳನ್ನು ಜೊತೆಯಾಗಿ ಕೊಳ್ಳುತ್ತಾರೆಂಬುದನ್ನು ಎಣಿಸಿ ತಿಳಿಯುವ ವಿಧಾನವೊಂದುಂಟೆಂದು ಓದಿದ್ದೆ. 300 ಚೀಟಿಗಳನ್ನು ಹರಡಿಕೊಂಡು ಕುಳಿತೆ. ನೂರಕ್ಕೆ 30ರಲ್ಲಾದರೂ ಕೂಡಿ ಬರುವ ಜೋಡಿಗಳನ್ನು ಮಾತ್ರ ಉಳಿಸಿಕೊಳ್ಳುವುದೆಂದು ಗೆರೆ ಎಳೆದೆ. ರಾಗಿ ಹಿಟ್ಟು ಮತ್ತು ಹುರಳಿಕಾಳು 100 ಚೀಟಿಗಳಲ್ಲಿ ಜೊತೆಗಿದ್ದವು, ಗೆದ್ದವು. ಸಾಸಿವೆ ಎಣ್ಣೆ ಮತ್ತು ಚನ್ನಂಗಿ ಬೇಳೆ 80ರಲ್ಲಿ, ಹೊಡೆದುಹಾಕಿದೆ. ನನ್ನ ಮಾತನ್ನು ನಂಬಿದ ಮಾವ, ನನ್ನ ಪರೀಕ್ಷಾ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣವನ್ನೂ ಸೇರಿಸಿ ರಾಗಿ ಹಿಟ್ಟು ತರಿಸಿದರು.

ಕೊಯ್ಲು ಆರಂಭವಾಯಿತು. ಈ ಸಲ ತೋಟಗಳಿಗೆ ಬಂದವರಲ್ಲಿ ಅಸ್ಸಾಮಿನವರೇ ಹೆಚ್ಚು. ಅವರು ಕೇಳಿದ್ದು ಸಾಸಿವೆ ಎಣ್ಣೆ. ಸಂಕ್ರಾಂತಿಗೆ ನಾನು ಊರಿಗೆ ಹೋಗುವ ಹೊತ್ತಿಗೆ ಹಿಟ್ಟಿಗೆ ಹುಳ ಬಿದ್ದಿತ್ತು. ಮಾವ ಬೈಯಲಿಲ್ಲ. "ನೀನು ಎಣಿಸಿದ್ದು ಹೋದ ವರ್ಷದ ಹೊಟ್ಟೆ ಕಣೋ ಅಳಿಯಾ" ಎಂದರು. ಬೈದಿದ್ದರೆ ವಾಸಿಯಿತ್ತು. ಅತ್ತೆ ಹಾಲು ಮಾರಿದ ಹಣದಿಂದ ಶುಲ್ಕ ಕಟ್ಟಿದರು.

ಕಾಲೇಜಿಗೆ ಮರಳಿ ಅಧ್ಯಾಪಕರೊಬ್ಬರಲ್ಲಿ ನನ್ನ ಗೋಳನ್ನು ತೋಡಿಕೊಂಡೆ. ಬೆಳೆಯುತ್ತಲೇ ಇರುವ ಲೆಕ್ಕದಲ್ಲಿ ಇಂತಹ ಜೋಡಿಗಳನ್ನು ಹುಡುಕುವ ಬಗೆಯನ್ನು 1996ರಲ್ಲಿಯೇ ಡೇವಿಡ್ ಚೆಯುಂಗ್, ಜಿಯಾವೇ ಹಾನ್ ಮೊದಲಾದವರು ತೋರಿಸಿದ್ದರಂತೆ. ಹಳೆಯದರಲ್ಲಿಯೂ ಸೋತು ಹೊಸದರಲ್ಲಿಯೂ ಸೋತ ಜೋಡಿ ಒಟ್ಟಿನಲ್ಲಿ ಗೆಲ್ಲಲಾರದು. ಆದುದರಿಂದ ಹಿಂದೆ ಗೆದ್ದವಕ್ಕೆ ಹೊಸ ಎಣಿಕೆಯನ್ನು ಕೂಡಿಸಿದರಾಯಿತು. ಹೊಸದಾಗಿ ಗೆದ್ದವಕ್ಕಾಗಿ ಮಾತ್ರ ಹಳೆಯ ಚೀಟಿಗಳನ್ನು ಮತ್ತೆ ತಿರುವಬೇಕು. ಎಷ್ಟು ಸರಳ! ಕೊಯ್ಲಿನ 100 ಹೊಸ ಚೀಟಿಗಳನ್ನು ಎಣಿಸಿದೆ. ಈಗ ಒಟ್ಟು 400, ಗೆರೆ 120. ರಾಗಿ–ಹುರಳಿ ಹೊಸದರಲ್ಲಿ ಬರೇ 10. ಒಟ್ಟು 110, ಬಿದ್ದುಹೋಯಿತು. ಸಾಸಿವೆ ಎಣ್ಣೆ–ಚನ್ನಂಗಿ 45; ಹಳೆಯ 80 ಸೇರಿ 125, ಗೆದ್ದಿತು.

ನಮ್ಮ ಬೆಂಗಳೂರಿನಲ್ಲಿಯೂ ಈ ಕೆಲಸ ನಡೆದಿದೆಯೆಂದು ತಿಳಿದಾಗ ಹಿಗ್ಗಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅನಂತನಾರಾಯಣ, ಸುಬ್ರಮಣಿಯನ್, ನರಸಿಂಹಮೂರ್ತಿ ಎಂಬವರು 2000ದಲ್ಲಿ, ಎಲ್ಲ ಚೀಟಿಗಳನ್ನೂ ಒಂದೇ ಸಲ ಓದಿ ಮರದಂತೆ ಜೋಡಿಸಿಡುವ ಕ್ರಮವನ್ನು ಮಂಡಿಸಿದರು. ಒಂದೇ ಬಗೆಯಲ್ಲಿ ಮೊದಲಾಗುವ ಚೀಟಿಗಳು ಒಂದೇ ಕೊಂಬೆಯನ್ನು ಹಂಚಿಕೊಳ್ಳುತ್ತವೆ. ಹೊಸ ಚೀಟಿ ಬಂದರೆ ಕೊಂಬೆಯ ಎಣಿಕೆ ಏರುತ್ತದೆ, ಇಲ್ಲವೇ ಹೊಸ ಕವಲು ಒಡೆಯುತ್ತದೆ. ಅಲ್ಲಿ ಯಾವುದನ್ನೂ ಸೋತಿತೆಂದು ಕಿತ್ತೆಸೆಯುವುದಿಲ್ಲ. ನಾನು ಎಸೆದದ್ದೇ ಅದನ್ನಲ್ಲವೇ?

ಈಗ ಅಂಗಡಿಯಲ್ಲಿ ಎರಡು ತಂತಿಗಳು ತೂಗುತ್ತಿವೆ. ಹಳೆಯದನ್ನು ಒಲೆಗೆ ಹಾಕಲು ಅತ್ತೆ ಎರಡು ಸಲ ಬಂದರು, ನಾನು ಬಿಡಲಿಲ್ಲ. ಕೊಯ್ಲು ಮುಗಿದು ಅಸ್ಸಾಮಿನವರು ಊರಿಗೆ ಮರಳಿದರೆ, ರಾಗಿ ಹಿಟ್ಟು ಕೇಳುವವರು ಮತ್ತೆ ಬಾಗಿಲಿಗೆ ಬರುತ್ತಾರೆ.