ಹರ್ಕ್ಯುಲಿಸನ ಸ್ವರ್ಗಾರೋಹಣ

ವರ್ಸೇಲ್ಸ್ ಅರಮನೆಯನ್ನು ನಾನು ಕಂಡವನಲ್ಲ. ಅಲ್ಲಿಯ ಹರ್ಕ್ಯುಲಿಸ್ ಸಭಾಂಗಣದ ಒಳಛಾವಣಿಯ ಚಿತ್ರವನ್ನು ನಮ್ಮ ಕಾಲೇಜು ಪುಸ್ತಕಭಂಡಾರದ ಒಂದು ಗ್ರಂಥದಲ್ಲಿ ಅಂಗೈಯಗಲ ಕಂಡಿದ್ದೇನೆ, ಅಷ್ಟೆ. ಆದರೂ ಅದರ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ಫ್ರಾನ್ಸಿಗೆ ಹೋಗಿಬಂದ ಮೇಲೆಯೇ ಬರೆಯಬೇಕೆಂದರೆ ಸಂಪಾದಕರು ಎಷ್ಟು ವರ್ಷ ಕಾಯಬೇಕೋ!

ಹರ್ಕ್ಯುಲಿಸನನ್ನು ಗ್ರೀಕರ ಭೀಮಸೇನ ಎನ್ನಬಹುದು. ಹನ್ನೆರಡು ಅಸಾಧ್ಯ ಕಾರ್ಯಗಳನ್ನು ಸಾಧಿಸಿದವನು. ಕಡೆಗೆ, ಹೆಂಡತಿ ಅರಿಯದೆ ಕೊಟ್ಟ ವಿಷದ ಅಂಗಿಯನ್ನು ತೊಟ್ಟು, ಉರಿ ತಾಳಲಾರದೆ ಈಟಾ ಬೆಟ್ಟದ ಮೇಲೆ ತಾನೇ ಚಿತೆಯೇರಿದನು. ಆ ಬೆಂಕಿಯ ನಡುವಿನಿಂದ ತಂದೆಯಾದ ಜ್ಯೂಪಿಟರ್ ಅವನನ್ನು ದೇವಲೋಕಕ್ಕೆ ಕರೆಸಿಕೊಂಡನು. ನಮ್ಮ ಧರ್ಮರಾಯನೂ ಸ್ವರ್ಗಕ್ಕೆ ಹೊರಟದ್ದು ಕಾಲ್ನಡೆಯಲ್ಲಿ. ಹೆಂಡತಿ, ತಮ್ಮಂದಿರು ದಾರಿಯಲ್ಲೇ ಬಿದ್ದರು.

ಫ್ರಾನ್ಸ್ವಾ ಲೆಮ್ವಾನ್ ಎಂಬಾತ ೧೭೩೩ರಿಂದ ೧೭೩೬ರವರೆಗೆ ಬರೆದ ಈ ಚಿತ್ರದಲ್ಲಾದರೋ ಕಣ್ಣಿಗೆ ಬೀಳುವುದು ಚಿತೆಯಲ್ಲ, ರಥ. ಹರ್ಕ್ಯುಲಿಸ್ ಅದರಲ್ಲಿ ಮದುವಣಿಗನಂತೆ ಬರುತ್ತಿದ್ದಾನೆ. ಜ್ಯೂಪಿಟರ್ ಅವನಿಗೆ ಯೌವನದ ದೇವತೆ ಹೀಬಿಯನ್ನು ವಧುವಾಗಿ ಕೊಡುತ್ತಿದ್ದಾನೆ. ದುರ್ಗುಣಗಳು ಕೆಳಕ್ಕೆ ಉರುಳುತ್ತಿವೆ. ಸುತ್ತಲೂ ಮೋಡ, ಮೋಡದ ಮೇಲೆ ದೇವತೆಗಳು. ಒಟ್ಟು ೧೪೨ ಆಕೃತಿಗಳು. ರೊಕೊಕೊ ಶೈಲಿಗೆ ಒಪ್ಪುವ ತಿಳಿಬಣ್ಣಗಳು. ಯಾರ ಮೈಗೂ ಭಾರವೇ ಇಲ್ಲ. ಆಗಿನ ಮುಖ್ಯಮಂತ್ರಿ ಕಾರ್ಡಿನಲ್ ಫ್ಲರಿಯ ಹೆಸರಿನಲ್ಲಿಯೂ ‘ಹರ್ಕ್ಯುಲ್’ ಎಂದಿತ್ತಂತೆ. ಅರಮನೆಯ ಚಿತ್ರವೆಂದ ಮೇಲೆ ಇಂಥದೂ ಇರತಕ್ಕದ್ದೇ!

ನನ್ನ ತಂದೆಯವರು ಮನೆಗಳಿಗೆ ಸುಣ್ಣಬಣ್ಣ ಬಳಿಯುವವರು. ಪುಸ್ತಕವನ್ನು ಮನೆಗೆ ಕೊಂಡುಹೋಗಿ ತೋರಿಸಿದೆ. ಅವರು ದೇವತೆಗಳನ್ನು ನೋಡಲಿಲ್ಲ.

“ಇಷ್ಟನ್ನೂ ಕತ್ತು ಮೇಲೆತ್ತಿಕೊಂಡೇ ಬರೆದನೇನೋ?”

“ಇಲ್ಲ ಅಪ್ಪ, ಬಟ್ಟೆಯ ಮೇಲೆ ಬರೆದು ಆಮೇಲೆ ಛಾವಣಿಗೆ ಅಂಟಿಸಿದ್ದು.”

“ಜಾಣ. ಆದರೆ ಅಂಟಿಸಿದ ಮೇಲೆ ತಿದ್ದುವುದು ಇದ್ದೇ ಇರುತ್ತದಲ್ಲ, ಆಗ ಸಾರವೆ ಹತ್ತಲೇಬೇಕು,” ಎಂದು ತಮ್ಮ ಹಿಂಗತ್ತನ್ನು ಉಜ್ಜಿಕೊಂಡರು. ಮೂವತ್ತು ವರ್ಷ ಛಾವಣಿಗಳನ್ನು ನೋಡಿದ ಕತ್ತು ಅದು.

ಆಮೇಲೆ ನಾನು ಆ ಚಿತ್ರಕಾರನ ಕಥೆಯನ್ನು ಓದಿದೆ. ೧೭೩೬ರಲ್ಲಿ ಹದಿನೈದನೆಯ ಲೂಯಿ ದೊರೆ ಚಿತ್ರವನ್ನು ನೋಡಿ ಮೆಚ್ಚಿ, ಅವನನ್ನು ತನ್ನ ಪ್ರಥಮ ಚಿತ್ರಕಾರನನ್ನಾಗಿ ಮಾಡಿದನು. ಕಲಾವಿದನಿಗೆ ಅದಕ್ಕಿಂತ ಎತ್ತರದ ಪದವಿ ಆ ರಾಜ್ಯದಲ್ಲಿ ಇರಲಿಲ್ಲ. ವರ್ಷ ತುಂಬುವುದರೊಳಗೆ, ೧೭೩೭ರ ಜೂನ್ ೪ರಂದು, ಲೆಮ್ವಾನ್ ಆತ್ಮಹತ್ಯೆ ಮಾಡಿಕೊಂಡನು. ವಯಸ್ಸು ನಲವತ್ತೊಂಬತ್ತು. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ವರ್ಷಗಟ್ಟಲೆ ದುಡಿದು ಮೈಮನಸ್ಸು ದಣಿದಿದ್ದವು. ಕಾರಣ ಇದೊಂದೇ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅಂದಿನಿಂದ ಆ ತಿಳಿಬಣ್ಣದ ಮೋಡಗಳನ್ನು ಮೊದಲಿನಂತೆ ನೋಡುವುದು ನನ್ನಿಂದಾಗಲಿಲ್ಲ. ಹರ್ಕ್ಯುಲಿಸನ ಚಿತೆಯನ್ನು ಬಿಟ್ಟು ಅವನ ರಥವನ್ನು ಮಾತ್ರ ಬರೆಯುವುದು ಅರಮನೆಗೆ ಸೊಗಸು. ಬರೆದವನ ಪಾಲಿಗೆ ಬಂದದ್ದು ಚಿತೆ.

ತಂದೆಯವರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. “ಅವನಿಗೆ ಸ್ವಲ್ಪ ದಿನ ರಜ ಕೊಟ್ಟಿದ್ದರಾಗುತ್ತಿತ್ತು,” ಎಂದರು.

ರಜವೆಲ್ಲಿ ಬಂತು? ಸಾಯುವ ಹಿಂದಿನ ದಿನವೂ ಅವನು ಒಂದು ಚಿತ್ರವನ್ನು ಮುಗಿಸಿದ್ದನು. ಈಗ ಅದು ಲಂಡನ್ನಿನ ವಾಲೇಸ್ ಸಂಗ್ರಹದಲ್ಲಿದೆ. ಅಸತ್ಯ, ಅಸೂಯೆಗಳ ಕೈಯಿಂದ ಸತ್ಯವನ್ನು ಕಾಲಪುರುಷ ಬಿಡಿಸುತ್ತಿರುವ ಚಿತ್ರ. ಅಲ್ಲಿ ರಥವಿಲ್ಲ. ಮುದುಕನಾದ ಕಾಲಪುರುಷ ಸತ್ಯವನ್ನು ತನ್ನ ತೋಳಿನಲ್ಲಿಯೇ ಹಿಡಿದುಕೊಂಡಿದ್ದಾನೆ.